‘ಸೆರಿಂಗಪಟಂ’ ಕನ್ನಡದ ವಿಷಯವಲ್ಲವೆ?

ನನ್ನಲ್ಲಿ ಬಿ.ಎ. ಓದಿ ಹೋದ ಹುಡುಗಿಯೊಬ್ಬಳು, ಗೊರೂರಿನ ಕಡೆಯವಳು, ಎಂ.ಎ. ತರಗತಿಯ ಕಿರುಪ್ರಬಂಧಕ್ಕೆ ಒಂದು ಹಡಗನ್ನು ವಿಷಯವಾಗಿ ಆರಿಸಿಕೊಂಡಳು. ಬ್ರಿಟಿಷರ ನೌಕಾಪಡೆಯಲ್ಲಿ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಇದ್ದ ಹಾಯಿಹಡಗು ಅದು. ಹೆಸರು ‘ಸೆರಿಂಗಪಟಂ’, ಎಂದರೆ ನಮ್ಮ ಶ್ರೀರಂಗಪಟ್ಟಣ. ವಿಷಯ ಒಪ್ಪಿಗೆಯಾಗಲಿಲ್ಲ. ಕನ್ನಡದ ಹಿರಿಯರು, “ಇದು ಇತಿಹಾಸದ ವಿಷಯ, ಅಲ್ಲಿಗೆ ಹೋಗಮ್ಮ” ಎಂದರಂತೆ. ಇತಿಹಾಸದವರು, “ಇದು ಇಂಗ್ಲೆಂಡಿನ ಇತಿಹಾಸ, ನಮ್ಮದಲ್ಲ” ಎಂದರಂತೆ. ಹುಡುಗಿ ಕೊನೆಗೆ ಒಬ್ಬ ಪ್ರಸಿದ್ಧ ಕಾದಂಬರಿಕಾರರ ಸ್ತ್ರೀಪಾತ್ರಗಳ ಮೇಲೆ ಬರೆದು ಮೊದಲ ದರ್ಜೆ ಪಡೆದಳು. ಆ ಪ್ರಬಂಧವನ್ನು ನಾನು ಓದಿದ್ದೇನೆ. ಅದರಲ್ಲಿ ತಪ್ಪೇನೂ ಇಲ್ಲ. ಅದೇ ವಿಷಯದ ಮೇಲೆ ಹಿಂದೆ ಬಂದ ಪ್ರಬಂಧಗಳಲ್ಲಿ ಇಲ್ಲದ್ದೂ ಏನೂ ಇಲ್ಲ.

ಹಿರಿಯರನ್ನು ದೂರುವ ಮೊದಲು ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಅವಳು ಮೊದಲು ಈ ಮಾತೆತ್ತಿದಾಗ ನಾನೂ ನಕ್ಕಿದ್ದೆ. “ಹಡಗಿಗೂ ಗೊರೂರಿಗೂ ಏನಮ್ಮ ಸಂಬಂಧ?” ಎಂದೆ. ಅವಳು, “ನಮ್ಮೂರ ಹೊಳೆಯ ನೀರು ಎಲ್ಲಿಗೆ ಹೋಗುತ್ತದೆ ಸಾರ್?” ಎಂದು ಕೇಳಿದಳು. ಹೇಮಾವತಿ ಗೊರೂರನ್ನು ದಾಟಿ, ಹೊಳೆನರಸೀಪುರವನ್ನು ಬಳಸಿ, ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಕೆಳಗೆ ಬಂದು ಶ್ರೀರಂಗಪಟ್ಟಣವನ್ನು ಎರಡೂ ಕಡೆ ತಬ್ಬಿ ಹರಿಯುವ ನೀರಿನಲ್ಲಿ ನಮ್ಮೂರಿನ ನೀರೂ ಇದೆ. ಯೋಗಾನರಸಿಂಹನ ಊರಿನವರು ರಂಗನಾಥನ ಊರಿನ ಸುದ್ದಿಯನ್ನು ತಮ್ಮದಲ್ಲವೆಂದರೆ ಹೊಳೆಯೇ ನಗುತ್ತದೆ. ನನಗೆ ಉತ್ತರ ತೋಚಲಿಲ್ಲ. ಅಂದಿನಿಂದ ನಾನೂ ಆ ಹಡಗಿನ ಬೆನ್ನು ಹತ್ತಿದೆ.

ಹಡಗಿನ ಕಥೆ ಏನೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಜಗಳ ಆಮೇಲೆ ಇರಲಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ ಸತ್ತ. ಇಂಗ್ಲಿಷರಿಗೆ ಆ ಗೆಲುವಿನ ಅಮಲು ಇಪ್ಪತ್ತು ವರ್ಷವಾದರೂ ಇಳಿಯಲಿಲ್ಲ. ಸಿಪಾಯಿಗಳಿಗೆ ಪದಕ ಹೊಯ್ಯಿಸಿದರು. ಅದರ ಮೇಲೆ ಸಿಂಹವೊಂದು ಹುಲಿಯನ್ನು ಕೆಡವಿಕೊಂಡು ಕುಳಿತಿದೆ. ಸುಲ್ತಾನನ ಸಿಂಹಾಸನವನ್ನು ಮುರಿದು ಹಂಚಿಕೊಂಡರು. ಅದರ ಮೇಲಿದ್ದ ರತ್ನಖಚಿತ ಹುಮಾ ಪಕ್ಷಿ ಇಂದು ವಿಂಡ್ಸರ್ ಅರಮನೆಯಲ್ಲಿದೆ. ಇದೇ ಸಾಲಿನಲ್ಲಿ, ಬೊಂಬಾಯಿಯ ಹಡಗುಕಟ್ಟೆಯಲ್ಲಿ ತೇಗದ ಮರದಿಂದ ಕಟ್ಟಿ 1819ರಲ್ಲಿ ನೀರಿಗಿಳಿಸಿದ 46 ಫಿರಂಗಿಗಳ ಫ್ರಿಗೇಟಿಗೆ ‘ಸೆರಿಂಗಪಟಂ’ ಎಂದು ಹೆಸರಿಟ್ಟರು. ಕಟ್ಟೆಯ ಮುಖ್ಯ ಶಿಲ್ಪಿ ಆಗ ಪಾರಸಿ ಮೇಸ್ತ್ರಿ ಜಮ್‌ಷೇಟ್‌ಜಿ ಬೊಮನ್‌ಜಿ ವಾಡಿಯಾ. ಹಡಗಿನ ಉದ್ದ ಸುಮಾರು 160 ಅಡಿ, ಮೂರು ಕೂವೆಮರಗಳು, ಮುಖ್ಯ ಅಟ್ಟದ ಮೇಲೆ ಒಂದೊಂದೂ 18 ಪೌಂಡಿನ ಗುಂಡು ಹಾರಿಸುವ 28 ಫಿರಂಗಿಗಳು, ಉಳಿದವು ಮೇಲಟ್ಟದಲ್ಲಿ. ಫ್ರಿಗೇಟು ಎಂದರೆ ನೌಕಾಪಡೆಯ ಕುದುರೆ ಸವಾರ. ದೊಡ್ಡ ಹಡಗುಗಳ ಸಾಲಿನಲ್ಲಿ ನಿಂತು ಹೊಡೆದಾಡುವ ಕೆಲಸ ಅದರದಲ್ಲ. ಓಡಿಹೋಗಿ ನೋಡಿ ಬರುವುದು, ವ್ಯಾಪಾರದ ಹಡಗುಗಳನ್ನು ಕಾಯುವುದು, ಕಡಲುಗಳ್ಳರನ್ನು ಅಟ್ಟುವುದು, ಇವು ಅದರ ಕೆಲಸ.

ಇಲ್ಲಿ ಒಂದು ತಮಾಷೆ ಇದೆ. ಟಿಪ್ಪು ಫ್ರೆಂಚರ ಸಹವಾಸ ಮಾಡಿದ ಎಂಬುದೇ ಅವನ ಮೇಲೆ ದಂಡೆತ್ತಲು ಇಂಗ್ಲಿಷರು ಕೊಟ್ಟ ದೊಡ್ಡ ಕಾರಣವಲ್ಲವೆ? ಆ ಗೆಲುವಿನ ಹೆಸರು ಹೊತ್ತ ಹಡಗಿನ ನಕ್ಷೆಯೇ ಫ್ರೆಂಚರದು. 1806ರಲ್ಲಿ ಸೆರೆಹಿಡಿದ ‘ಪ್ರೆಸಿದಾಂತ್’ ಎಂಬ ಫ್ರೆಂಚ್ ಫ್ರಿಗೇಟಿನ ಮೈಕಟ್ಟನ್ನು ನೋಡಿ ಇದನ್ನು ರೂಪಿಸಿದರು. ಅದೇ ಮಾದರಿಯ ಮುಂದಿನ ಹಡಗುಗಳನ್ನೆಲ್ಲ ‘ಸೆರಿಂಗಪಟಂ ವರ್ಗ’ವೆಂದು ಕರೆದರು. ಅದೇ ವರ್ಗದ, ಅದೇ ಬೊಂಬಾಯಿಯಲ್ಲಿ ಕಟ್ಟಿದ ‘ಮಡಗಾಸ್ಕರ್’ ಎಂಬ ಹಡಗು 1833ರಲ್ಲಿ ಗ್ರೀಸ್ ದೇಶದ ಹೊಸ ಅರಸನಾದ ಓಟ್ಟೊ ಎಂಬ ಹುಡುಗನನ್ನು ಹೊತ್ತೊಯ್ದು ಅವನ ರಾಜ್ಯದಲ್ಲಿ ಇಳಿಸಿತು. ಅರಸನನ್ನು ಕಳೆದುಕೊಂಡ ಊರಿನ ಹೆಸರಿನ ವರ್ಗದ ಹಡಗು ಬೇರೊಂದು ನಾಡಿಗೆ ಅರಸನನ್ನು ಕೊಂಡೊಯ್ದಿತು!

‘ಸೆರಿಂಗಪಟಂ’ ಮಾತ್ರ ಯಾವ ಮಹಾಕದನದಲ್ಲೂ ಸೇರಲಿಲ್ಲ. 1820ರ ದಶಕದ ನಡುವೆ ಮೆಡಿಟರೇನಿಯನ್ ಸಮುದ್ರದಲ್ಲಿ, ಗ್ರೀಕರು ತುರ್ಕರ ವಿರುದ್ಧ ಬಂಡೆದ್ದ ಕಾಲದಲ್ಲಿ, ಕಡಲುಗಳ್ಳರನ್ನು ಬೆನ್ನಟ್ಟುತ್ತಿತ್ತು. 1827ರ ನವಾರಿನೊ ಕದನದಲ್ಲಿ ಅದಿರಲಿಲ್ಲ. ಅಲ್ಲಿ ಬ್ರಿಟಿಷರ ದಳಪತಿಯನ್ನು ಹೊತ್ತಿದ್ದ ‘ಏಷಿಯಾ’ ಎಂಬ ಹಡಗು ಕೂಡ ಬೊಂಬಾಯಿಯಲ್ಲಿ ಕಟ್ಟಿದ್ದೇ. ಆಮೇಲೆ ಕ್ಯಾಪ್ಟನ್ ವಿಲಿಯಂ ವಾಲ್ಡ್‌ಗ್ರೇವನ ಕೈಕೆಳಗೆ ದಕ್ಷಿಣ ಅಮೆರಿಕವನ್ನು ಸುತ್ತಿ ಪೆಸಿಫಿಕ್ ಸಾಗರಕ್ಕೆ ಹೋಯಿತು. 1830ರಲ್ಲಿ ತಾಹಿತಿ, ಟೊಂಗಾ ದ್ವೀಪಗಳಲ್ಲಿ ಲಂಗರು ಹಾಕಿತು. ಅವನ ದಿನಚರಿಯ ಭಾಗಗಳು 1833ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದುವು. ಬಳಿಕ ವೆಸ್ಟ್ ಇಂಡೀಸಿನ ಕಡೆ ಕೆಲವು ವರ್ಷ. ಅಷ್ಟರಲ್ಲಿ ಹಬೆಯ ಹಡಗು ಬಂತು. ಹಾಯಿಯ ಕಾಲ ಮುಗಿಯಿತು. 1847ರಲ್ಲಿ ಇದನ್ನು ಓಡಾಟದಿಂದ ನಿಲ್ಲಿಸಿದರು. ಕಡೆಗೆ ಆಫ್ರಿಕದ ದಕ್ಷಿಣ ತುದಿಯ ಗುಡ್ ಹೋಪ್ ಭೂಶಿರದಲ್ಲಿ ಕಲ್ಲಿದ್ದಲು ತುಂಬಿಡುವ ತೇಲು ಉಗ್ರಾಣವನ್ನಾಗಿ ಮಾಡಿದರು. ತನ್ನ ಅನ್ನ ಕಿತ್ತ ಹಬೆಹಡಗುಗಳಿಗೆ ಇದ್ದಲು ಬಡಿಸುತ್ತ ಇಪ್ಪತ್ತು ವರ್ಷ ನಿಂತಿತು. 1873ರಲ್ಲಿ ಒಡೆದು ಹಾಕಿದರು.

ಒಂದನ್ನು ಮಾತ್ರ ಒಡೆಯಲಿಲ್ಲ. ಹಡಗಿನ ಮೂತಿಯ ತುದಿಗೆ ಮರದ ಬೊಂಬೆ ಕೆತ್ತಿ ನಿಲ್ಲಿಸುವುದು ಅವರ ಪದ್ಧತಿ. ‘ಸೆರಿಂಗಪಟಂ’ ಹಡಗಿನ ಆ ಬೊಂಬೆ ಇಂದು ಗ್ರೀನಿಚ್‌ನ ರಾಷ್ಟ್ರೀಯ ನೌಕಾ ಮ್ಯೂಸಿಯಮ್ಮಿನಲ್ಲಿದೆ. ಮುಂಡಾಸು ಸುತ್ತಿದ ಒಬ್ಬ ಪುರುಷ, ಕೈಯಲ್ಲಿ ಛತ್ರಿ ಹಿಡಿದು, ಒಂದು ದೊಡ್ಡ ಹಕ್ಕಿಯ ಮೇಲೆ ಕುಳಿತಿದ್ದಾನೆ. ಪುರುಷ ಟಿಪ್ಪು ಸುಲ್ತಾನನೆಂದೂ ಹಕ್ಕಿ ಅರಬ್ಬೀ ಕಥೆಗಳ ರಾಕ್ ಪಕ್ಷಿ ಎಂದೂ ಅಲ್ಲಿಯವರು ಗುರುತಿಸಿದ್ದಾರೆ. ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂತು, ಏಕೆಂದರೆ ಅದು ನಮ್ಮ ಜಾತ್ರೆಯ ವಾಹನೋತ್ಸವದ ಹಾಗಿದೆ. ಆಮೇಲೆ ನಗು ನಿಂತಿತು. ಛತ್ರ ಅರಸುತನದ ಗುರುತು. ಸತ್ತ ಅರಸನಿಗೆ ಛತ್ರ ಕೊಟ್ಟು, ಶತ್ರುವಿನ ಹಡಗಿಗೆ ದಾರಿ ತೋರಿಸುವ ಚಾಕರಿಗೆ ಹಚ್ಚಿದ್ದಾರೆ. ಗೆದ್ದವನ ಹಾಸ್ಯಪ್ರಜ್ಞೆ ಎಂದರೆ ಇದು.

ಇನ್ನು ಜಗಳ.

ಕೆಲವು ತಿಂಗಳ ಹಿಂದೆ ಇದೇ ಜಿಲ್ಲೆಯ ಒಂದು ಸಾಹಿತ್ಯ ಸಭೆಯಲ್ಲಿ ಈ ಹಡಗಿನ ಪ್ರಸ್ತಾಪ ಬಂತು. ಒಬ್ಬರು ಎದ್ದು, ಆ ಹಡಗನ್ನು ಕಟ್ಟಿಸಿದವನು ಟಿಪ್ಪುವೇ, ಇಂಗ್ಲಿಷರು ಕದ್ದರು, ಅದನ್ನು ಮರಳಿ ತರಬೇಕು ಎಂದು ಗುಡುಗಿದರು. (ಒಡೆದು ನೂರೈವತ್ತು ವರ್ಷವಾದ ಹಡಗನ್ನು ತರುವುದು ಹೇಗೋ ಅವರು ಹೇಳಲಿಲ್ಲ.) ಅವರ ಬೆನ್ನಿಗೇ ಇನ್ನೊಬ್ಬರು ಎದ್ದು, ಮೈಸೂರಿಗೆ ಸಮುದ್ರವೇ ಇರಲಿಲ್ಲ, ಹಡಗು ಎಲ್ಲಿಂದ ಬಂತು, ಇದೆಲ್ಲ ಟಿಪ್ಪು ಭಕ್ತರ ಕಟ್ಟುಕಥೆ ಎಂದರು. ಚಪ್ಪಾಳೆ ಇಬ್ಬರಿಗೂ ಬಿತ್ತು. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿಯನ್ನು ಆರಂಭಿಸಿದಾಗಲೂ 2019ರಲ್ಲಿ ಮತ್ತೊಂದು ಸರ್ಕಾರ ಅದನ್ನು ನಿಲ್ಲಿಸಿದಾಗಲೂ ಕೇಳಿಬಂದ ಚಪ್ಪಾಳೆ ಇವೇ. ಆ ವಾದದಲ್ಲಿ ಪಕ್ಷ ಹಿಡಿಯುವುದು ಇಲ್ಲಿ ನನ್ನ ಕೆಲಸವಲ್ಲ. ಇಬ್ಬರು ಮಹನೀಯರೂ ಸುಳ್ಳು ಹೇಳಿದರು ಎಂಬುದಷ್ಟೆ ನನ್ನ ತಕರಾರು.

ಮೊದಲನೆಯವರ ತಪ್ಪಿಗೆ ಮೂಲವುಂಟು. ‘ಸೆರಿಂಗಪಟಂ’ ಎಂಬ ಹೆಸರಿನ ಇನ್ನೊಂದು ಹಡಗಿತ್ತು. 1799ರಲ್ಲಿ ಭಾರತದಲ್ಲಿ ತೇಗದಿಂದ ಕಟ್ಟಿದ್ದು. ಇಂಗ್ಲೆಂಡಿನ ವರ್ತಕರು ಕೊಂಡು ತಿಮಿಂಗಿಲ ಬೇಟೆಗೆ ಬಿಟ್ಟರು. ಇದನ್ನು ಟಿಪ್ಪುವಿನ ಯುದ್ಧಕ್ಕಾಗಿ ಕಟ್ಟಿದ್ದೆಂದು ಹೇಳುವ ವಾಡಿಕೆ ಇದೆ. ಈ ಮಾತನ್ನು ನಾನು ನಂಬಲಾರೆ. ಶತ್ರುವಿಗಾಗಿ ಕಂಪೆನಿಯ ಮೂಗಿನ ಕೆಳಗೆ ಯುದ್ಧದ ಹಡಗು ಕಟ್ಟುವುದುಂಟೆ? ತನ್ನ ಹಡಗಿಗೆ ಸುಲ್ತಾನ ಇಂಗ್ಲಿಷರ ಬಾಯಲ್ಲಿ ಕೆಟ್ಟ ‘ಸೆರಿಂಗಪಟಂ’ ಎಂಬ ಹೆಸರಿಟ್ಟಾನೆಯೆ? ಹೆಸರು ಗೆಲುವಿನ ಮೇಲೆ ಬಂದದ್ದು, ಸಂಶಯವಿಲ್ಲ. ಆದರೂ ಈ ಹಡಗಿನ ಕಥೆ ಕಾದಂಬರಿಗೆ ಸಾಟಿ. 1813ರ ಜುಲೈಯಲ್ಲಿ, ಅಮೆರಿಕಕ್ಕೂ ಇಂಗ್ಲೆಂಡಿಗೂ ಯುದ್ಧ ನಡೆಯುತ್ತಿದ್ದಾಗ, ಗಲಾಪಗೋಸ್ ದ್ವೀಪಗಳ ಬಳಿ ಡೇವಿಡ್ ಪೋರ್ಟರ್ ಎಂಬ ಅಮೆರಿಕನ್ ನಾಯಕನ ಕೈಗೆ ಅದು ಸಿಕ್ಕಿತು. ತಿಮಿಂಗಿಲದ ಜೊತೆಗೆ ಅಮೆರಿಕನ್ ಹಡಗುಗಳನ್ನೂ ಹಿಡಿಯುತ್ತಿದ್ದ ಅದರ ಕ್ಯಾಪ್ಟನ್ನನ ಬಳಿ ಅದಕ್ಕೆ ಬೇಕಾದ ಸರ್ಕಾರಿ ಪರವಾನಗಿ ಇರಲಿಲ್ಲ. ಪೋರ್ಟರನು ಅವನಿಗೆ ಸಂಕೋಲೆ ಹಾಕಿಸಿದ. ಮುಂದಿನ ವರ್ಷ ನುಕುಹಿವ ದ್ವೀಪದಲ್ಲಿ ದಂಗೆಯೆದ್ದವರು ಹಡಗನ್ನು ಕಿತ್ತುಕೊಂಡು ಆಸ್ಟ್ರೇಲಿಯಕ್ಕೆ ಓಡಿಸಿದರು. ‘ಅಮೆರಿಕಾದಲ್ಲಿ ಗೊರೂರು’ ಓದಿ 1980ರಲ್ಲಿ ಅದಕ್ಕೆ ಅಕಾಡೆಮಿ ಬಹುಮಾನ ಬಂದಾಗ ಹಿಗ್ಗಿದವರು ನಾವು. ಅಮೆರಿಕದವರ ಕೈಯಲ್ಲಿ ಶ್ರೀರಂಗಪಟ್ಟಣ ಸೆರೆಯಾಗಿದ್ದುದನ್ನು ಯಾವ ಗೊರೂರರೂ ನಮಗೆ ಹೇಳಲಿಲ್ಲ. ಅದಿರಲಿ. ಒಂದು ವ್ಯಾಪಾರಿ ಹಡಗು, ಒಂದು ರಾಜನ ಹಡಗು. ಇಪ್ಪತ್ತು ವರ್ಷದ ಅಂತರ. ಎರಡನ್ನೂ ಕಲೆಸಿ ಒಂದು ಮಾಡಿ, ಅದರ ಮೇಲೆ ಟಿಪ್ಪುವನ್ನು ಕೂರಿಸಿ ಭಾಷಣ ಬಿಗಿಯುವುದು ಸುಲಭ. ಇಂಗ್ಲಿಷರು ಹಕ್ಕಿಯ ಮೇಲೆ ಕೂರಿಸಿದರು, ನಾವು ಸುಳ್ಳಿನ ಮೇಲೆ.

ಎರಡನೆಯವರದು ಇನ್ನೂ ದೊಡ್ಡ ಅಜ್ಞಾನ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಮಂಗಳೂರಿನ ರೇವು ಮೈಸೂರಿನ ಕೈಗೆ ಬಂತು. ಅವನು ಅಲ್ಲಿ ಹಡಗು ಕಟ್ಟಿಸಿದ. 1780ರ ಡಿಸೆಂಬರಿನಲ್ಲಿ ಎಡ್ವರ್ಡ್ ಹ್ಯೂಸ್ ಎಂಬ ಇಂಗ್ಲಿಷ್ ನೌಕಾಧಿಪತಿ ಮಂಗಳೂರಿಗೆ ಬಂದು ಆ ಹಡಗುಗಳನ್ನು ಸುಟ್ಟು ಹಾಕಿದ. ಸಮುದ್ರವೇ ಇಲ್ಲದ ರಾಜ್ಯದ ಹಡಗುಗಳನ್ನು ಸುಡುವುದಕ್ಕೆ ಅವನಿಗೇನು ಹುಚ್ಚೆ? 1796ರಲ್ಲಿ ಟಿಪ್ಪು ನಲವತ್ತರಷ್ಟು ದೊಡ್ಡ ಯುದ್ಧದ ಹಡಗುಗಳನ್ನು ಕಟ್ಟುವ ಕಟ್ಟಳೆ ಹೊರಡಿಸಿದ. ಮಂಗಳೂರು, ಹೊನ್ನಾವರದ ಬಳಿಯ ಬಸವರಾಜದುರ್ಗ, ಸದಾಶಿವಗಡ, ಈ ಮೂರು ಕಡೆ ಕಚೇರಿ ತೆರೆಯಬೇಕೆಂದ. ಮೂರು ವರ್ಷದಲ್ಲಿ ಅವನೇ ಇಲ್ಲವಾದ. ಕಟ್ಟಳೆ ಬಹುಪಾಲು ಕಾಗದದ ಮೇಲೆ ಉಳಿಯಿತು. ಇದನ್ನು ಅವನ ಭಕ್ತರು ಮಹಾನೌಕಾಪಡೆ ಎಂದು ಹೊಗಳುವುದೂ ತಪ್ಪು, ವಿರೋಧಿಗಳು ಏನೂ ಇರಲಿಲ್ಲವೆಂದು ಅಳಿಸುವುದೂ ತಪ್ಪು.

ನಾವು ಬಯಲುಸೀಮೆಯವರು, ನಮಗೂ ಕಡಲಿಗೂ ದೂರ ಎಂಬ ಮಾತನ್ನು ಹಾಸನ ಜಿಲ್ಲೆಯಲ್ಲಿ ನಿಂತು ಆಡುವವರನ್ನು ಕಂಡರೆ ನನಗೆ ಕನಿಕರವಾಗುತ್ತದೆ. ಬಿಸಿಲೆಯ ಘಟ್ಟಕ್ಕೆ ಹೋಗಿ ನೋಡಿ. ಅಲ್ಲಿ ಒಂದೇ ದಿಣ್ಣೆಯ ಮೇಲೆ ಬಿದ್ದ ಮಳೆ ಒಂದು ಕಡೆ ಇಳಿದರೆ ಕುಮಾರಧಾರೆ, ನೇತ್ರಾವತಿಯಾಗಿ ಮಂಗಳೂರಿನ ಕಡಲಿಗೆ. ಇನ್ನೊಂದು ಕಡೆ ಇಳಿದರೆ ಹೇಮಾವತಿ, ಕಾವೇರಿಯಾಗಿ ಪೂಂಪುಹಾರಿನ ಕಡಲಿಗೆ. ಎರಡು ಸಮುದ್ರಕ್ಕೂ ನೀರು ಕಳಿಸುವ ಜಿಲ್ಲೆ ನಮ್ಮದು. ಸಕಲೇಶಪುರದ ಮಂಜರಾಬಾದಿನಲ್ಲಿ ನಕ್ಷತ್ರದಾಕಾರದ ಕೋಟೆಯನ್ನು ಟಿಪ್ಪು ಕಟ್ಟಿಸಿದ್ದು ಏತಕ್ಕೆ? ಮಂಗಳೂರಿನಿಂದ ಘಟ್ಟ ಹತ್ತಿ ಬರುವ ದಾರಿಯ ಕಾವಲಿಗೆ. ಅಂದಿನವರ ಕಣ್ಣು ಕಡಲಿನ ಮೇಲಿತ್ತು. ಇಂದಿನ ಪಂಡಿತರ ಕಣ್ಣಿಗೆ ಘಟ್ಟದ ಮಂಜು ಮುಚ್ಚಿದೆ.

ಆದರೆ ಇವರಿಬ್ಬರೂ ಬಿಟ್ಟ ಸಂಗತಿಯೇ ಎಲ್ಲಕ್ಕಿಂತ ದೊಡ್ಡದು, ಅದು ಮರ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಮಲಬಾರನ್ನು ಬಿಟ್ಟುಕೊಟ್ಟ. 1799ರಲ್ಲಿ ಕೆನರಾ ಕೂಡ ಕಂಪೆನಿಯ ಪಾಲಾಯಿತು. ಇಂಗ್ಲೆಂಡಿನಲ್ಲಿ ಆಗ ಓಕ್ ಮರಕ್ಕೆ ಬರ. ಓಕಿನ ಒಗರು ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದ ಎಣ್ಣೆ ಮೊಳೆಯನ್ನು ಕಾಯುತ್ತದೆ. ತೇಗದ ಸಿಬರು ಮೈಗೆ ಚುಚ್ಚಿದರೆ ಗಾಯ ಕೀವಾಗುತ್ತದೆಂದು ಇಂಗ್ಲಿಷ್ ನಾವಿಕರು ಗೊಣಗುತ್ತಿದ್ದರು. ಆದರೆ ಹಡಗು ಬಾಳಿಕೆ ಬರುತ್ತಿತ್ತು. ಹೀಗಾಗಿ ನಮ್ಮ ಪಶ್ಚಿಮ ಘಟ್ಟದ ತೇಗ ಬೊಂಬಾಯಿಗೆ ಹೋಯಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಅಧಿಕಾರಿಯನ್ನು ಕಾಡಿನ ಕನ್ಸರ್ವೇಟರ್ ಎಂದು ನೇಮಿಸಿದರು. ಹೆಸರಿಗೆ ರಕ್ಷಕ, ಮುಖ್ಯ ಕೆಲಸ ಹಡಗಿಗೆ ಮರ ಒದಗಿಸುವುದು. ರೈತನ ಹಿತ್ತಿಲಿನ ತೇಗವೂ ಸರ್ಕಾರದ್ದೆಂದರು. ಜನ ರೊಚ್ಚಿಗೆದ್ದರು, ಕಡೆಗೆ 1823ರಲ್ಲಿ, ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದ. ಅಷ್ಟರಲ್ಲಿ ‘ಸೆರಿಂಗಪಟಂ’ ನೀರಿಗಿಳಿದು ನಾಲ್ಕು ವರ್ಷವಾಗಿತ್ತು. ಶ್ರೀರಂಗಪಟ್ಟಣದ ಒಪ್ಪಂದ ಕಾಡನ್ನು ಕೊಟ್ಟಿತು, ಕಾಡು ಹಡಗನ್ನು ಕೊಟ್ಟಿತು, ಹಡಗಿಗೆ ಶ್ರೀರಂಗಪಟ್ಟಣದ ಹೆಸರು! ಈ ಲೆಕ್ಕವನ್ನು ಯಾವ ಭಾಷಣಕಾರರೂ ಕೇಳುವುದಿಲ್ಲ. ತೇಗ ಎಷ್ಟು ಗಟ್ಟಿ ಎಂದು ಸಂಶಯವಿದ್ದವರು ಇಂಗ್ಲೆಂಡಿನ ಹಾರ್ಟ್‌ಲ್‌ಪೂಲಿಗೆ ಹೋಗಲಿ. ಅದೇ ವಾಡಿಯಾ 1817ರಲ್ಲಿ ಕಟ್ಟಿದ ‘ಟ್ರಿಂಕೋಮಲಿ’ ಎಂಬ ಫ್ರಿಗೇಟು ಇನ್ನೂ ನೀರಿನ ಮೇಲೆ ನಿಂತಿದೆ. ಅವನದೇ ಇನ್ನೊಂದು ತೇಗದ ಹಡಗು ‘ಕಾರ್ನ್‌ವಾಲಿಸ್’. 1842ರಲ್ಲಿ ಚೀನಾವನ್ನು ಬಗ್ಗಿಸಿದ ನಾನ್‌ಕಿಂಗ್ ಒಪ್ಪಂದಕ್ಕೆ ರುಜು ಬಿದ್ದದ್ದು ಅದರ ಮೇಲೆ. ನಮ್ಮ ಕಡೆಯ ಮರದ ಮೇಲೆ ಯಾರಾರ ತಲೆ ಬಾಗಿತು ಎಂಬುದನ್ನು ತಿಳಿಯುವುದು ಇಂಗ್ಲೆಂಡಿನ ಇತಿಹಾಸವಂತೆ!

ಇದೆಲ್ಲ ಸರಿ, ಕನ್ನಡ ಮೇಷ್ಟರಿಗೆ ಇದರಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಆ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷರ ನಾಲಗೆಗೆ ‘ಶ್ರೀ’ ಒಗ್ಗಲಿಲ್ಲ. ನಡುವೆ ಒಂದು ಸ್ವರ ತೂರಿಸಿ ‘ಸೆರಿ’ ಎಂದರು. ನಾವು ಇದನ್ನು ಕೇಳಿ ನಗುತ್ತೇವೆ. ಆದರೆ ‘ಶ್ರೀ’ಯನ್ನು ‘ಸಿರಿ’ ಮಾಡಿದವರು ನಾವೇ ಅಲ್ಲವೆ? ಸ್ವರಭಕ್ತಿ ನಮ್ಮ ಹಳೆಯ ವೈಯಾಕರಣರಿಗೆ ಹೊಸದಲ್ಲ. ಬಾಲದ ‘ಪಟಂ’ ತಮಿಳಿನ ಕಡೆಯಿಂದ, ಮದರಾಸಿನ ದುಭಾಷಿಗಳ ಬಾಯಿಂದ ಬಂದ ‘ಪಟ್ಟಣಂ’ ಇರಬೇಕು. ಒಂದು ಹಡಗಿನ ಹೆಸರಿನಲ್ಲಿ ಸಂಸ್ಕೃತ, ಕನ್ನಡದ ಜಾಯಮಾನ, ತಮಿಳಿನ ಬಾಲ, ಇಂಗ್ಲಿಷಿನ ಬರವಣಿಗೆ ನಾಲ್ಕೂ ಇವೆ. ಇದು ಭಾಷಾಶಾಸ್ತ್ರವಲ್ಲದಿದ್ದರೆ ಮತ್ತೇನು?

ಇನ್ನು ನಮ್ಮ ಪಠ್ಯಪುಸ್ತಕಗಳ ಕನ್ನಡ. ಫ್ರಿಗೇಟು ‘ಯುದ್ಧನೌಕೆ’, ಅದರ ದುಪ್ಪಟ್ಟಿನದೂ ‘ಯುದ್ಧನೌಕೆ’, ಕ್ರೂಸರೂ ‘ಯುದ್ಧನೌಕೆ’. ಬಂಡಿ, ಜಟಕಾ, ರೈಲು ಎಲ್ಲಕ್ಕೂ ‘ವಾಹನ’ ಎಂದು ಹೇಳಿ ಸುಮ್ಮನಾದ ಹಾಗೆ. ಮಂಗಳೂರು, ಮಲ್ಪೆ, ಹೊನ್ನಾವರಗಳ ಖಾರ್ವಿಗಳನ್ನೂ ಮೊಗವೀರರನ್ನೂ ಕೇಳಿ ನೋಡಿ: ಪತ್ತೇಮಾರಿ, ಮಚ್ವೆ, ದೋಣಿ, ಪಾತಿ, ಒಂದೊಂದಕ್ಕೂ ಬೇರೆ ಮೈಕಟ್ಟು, ಬೇರೆ ಹೆಸರು. ಗಾಳಿಗೆ ಹೆಸರು, ಹಗ್ಗಕ್ಕೆ ಹೆಸರು. ಹಾಯಿಯ ಕಾಲ ಮುಗಿದಂತೆ ಈ ಮಾತುಗಳನ್ನು ಆಡುವ ಮುದುಕರೂ ಮುಗಿಯುತ್ತಿದ್ದಾರೆ. ನಮ್ಮ ಗೊರೂರಿನಲ್ಲೇ ಹೇಮಾವತಿಗೆ ಹರಿಗೋಲು ಹಾಕುತ್ತಿದ್ದವರ ಮಾತು 1979ರಲ್ಲಿ ಅಣೆಕಟ್ಟು ಆದ ಮೇಲೆ ಕೇಳುವವರಿಲ್ಲದೆ ಹೋಯಿತು. ಹಿನ್ನೀರಿನಲ್ಲಿ ಅರ್ಧ ಮುಳುಗಿದ ಶೆಟ್ಟಿಹಳ್ಳಿಯ ಇಗರ್ಜಿಯ ಚಿತ್ರ ತೆಗೆಯಲು ಬೆಂಗಳೂರಿನಿಂದ ಕಾರುಗಳು ಸಾಲುಗಟ್ಟಿ ಬರುತ್ತವೆ. ಆ ನೀರಿನಡಿ ಎಷ್ಟು ಮಾತುಗಳು ಮುಳುಗಿದುವು ಎಂದು ಯಾರೂ ಕೇಳುವುದಿಲ್ಲ. ಹಾಯಿಹಡಗಿನ ಮೇಲೆ ಕನ್ನಡದಲ್ಲಿ ಒಂದು ಪ್ರಬಂಧ ಬರೆಯಹೊರಟ ಹುಡುಗಿ ಈ ಮಾತುಗಳನ್ನು ಹುಡುಕಿಕೊಂಡು ಕರಾವಳಿಗೆ ಹೋಗಲೇಬೇಕಾಗುತ್ತಿತ್ತು. ಆ ಪಯಣವನ್ನು ನಾವು ತಪ್ಪಿಸಿದೆವು.

ಬೊಂಬೆಯನ್ನು ಗ್ರೀನಿಚ್ಚಿನಿಂದ ಮರಳಿ ತನ್ನಿ ಎನ್ನುವವರಿಗೂ ಒಂದು ಮಾತು. ಅದು ನಮ್ಮಿಂದ ಕದ್ದದ್ದಲ್ಲ. ಅವರು ತಮ್ಮ ಹಡಗಿಗೆ ತಾವೇ ಮಾಡಿಸಿಕೊಂಡದ್ದು. ಕತ್ತಿ, ಸಿಂಹಾಸನದ ವಿಷಯ ಬೇರೆ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಕತ್ತಿ ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ ಹೋಯಿತು. ಪತ್ರಿಕೆಗಳೆಲ್ಲ ಬೆಲೆಯನ್ನು ಬರೆದುವು. ಬೆಲೆಯಿಲ್ಲದ ಕಾಗದಗಳ ಸುದ್ದಿ ಯಾರು ಬರೆಯುತ್ತಾರೆ? ರಾಜನ ಹಡಗುಗಳ ಕ್ಯಾಪ್ಟನ್ನರು ಬರೆದಿಟ್ಟ ದಿನವಹಿಗಳು ಲಂಡನ್ನಿನ ಕ್ಯೂ ಎಂಬಲ್ಲಿಯ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ಗಾಳಿ ಯಾವ ಕಡೆ ಬೀಸಿತು, ಯಾರಿಗೆ ಛಡಿಯೇಟು ಬಿತ್ತು, ಎಲ್ಲಿ ನೀರು ತುಂಬಿಕೊಂಡರು ಎಂಬುದನ್ನು ದಿನದಿನವೂ ಬರೆಯುವುದು ಅವರ ಪದ್ಧತಿ. ಬೊಂಬೆ ಅಲ್ಲೇ ಇರಲಿ. ಅದರ ಒಂದು ಪ್ರತಿಕೃತಿಯನ್ನು ಮಾಡಿಸಿ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ ಇಡಲಿ. ದಿನವಹಿಗಳ ಪ್ರತಿ ನಮ್ಮ ಒಂದು ವಿಶ್ವವಿದ್ಯಾನಿಲಯಕ್ಕೆ ಬರಲಿ. ಹರಾಜಿನಲ್ಲಿ ಕೂಗಬೇಕಾಗಿಲ್ಲ; ಒಂದು ಅರ್ಜಿ, ಸ್ವಲ್ಪ ಹಣ, ಓದಬಲ್ಲ ಒಬ್ಬರು ಸಾಕು.

ಹೆಸರಿನ ಮಾತು ಬಂದದ್ದರಿಂದ ಇಷ್ಟು ಸೇರಿಸುತ್ತೇನೆ. ಪಾಕಿಸ್ತಾನ 1949ರಲ್ಲಿ ‘ಆನ್ಸ್ಲೊ’ ಎಂಬ ಬ್ರಿಟಿಷ್ ಹಡಗನ್ನು ಪಡೆದು ‘ಟಿಪ್ಪು ಸುಲ್ತಾನ್’ ಎಂದು ಕರೆಯಿತು. ನಾವು ‘ನೈಜೀರಿಯ’ ಎಂಬ ಬ್ರಿಟಿಷ್ ಹಡಗನ್ನು ಕೊಂಡು 1957ರಲ್ಲಿ ‘ಮೈಸೂರು’ ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿದೆವು. ಅದು 1985ರವರೆಗೆ ದುಡಿಯಿತು. ಅದೇ ಹೆಸರಿನ ಹೊಸ ಹಡಗು 1999ರಲ್ಲಿ ಸೇವೆಗೆ ಸೇರಿತು. ಅದರ ಲಾಂಛನ ಗಂಡಭೇರುಂಡ. ಹಕ್ಕಿಗಳು ಹಡಗೇರಿ ಹೊರಟ ಈ ಕಥೆಯಲ್ಲಿ ರಾಕ್, ಹುಮಾ, ಗಂಡಭೇರುಂಡ ಮೂರೂ ಸಿಕ್ಕಿದುವು. ಇದರಲ್ಲಿ ಕನ್ನಡದ ವಿಷಯ ಕಾಣದವರಿಗೆ ಯಾವುದರಲ್ಲಿ ಕಂಡೀತೋ ನಾನರಿಯೆ.

ಆ ಹುಡುಗಿ ಈಗ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಾಳೆ. ಹಡಗಿನ ಮೇಲೆ ಅವಳು ಬರೆದಿಟ್ಟುಕೊಂಡ ಟಿಪ್ಪಣಿಯ ಪುಸ್ತಕ, ನೂರು ಪುಟದ್ದು, ಮುಕ್ಕಾಲು ತುಂಬಿದ್ದು, ನನ್ನ ಮೇಜಿನ ಮೇಲಿದೆ. ವಿಷಯವನ್ನು ತಿರಸ್ಕರಿಸಿದ ಹಿರಿಯರು ಬಯಸಿದರೆ ಓದಲು ಕೊಡುತ್ತೇನೆ. ಹಿಂದಿರುಗಿಸಬೇಕು, ಅವಳು ಬೇಸಗೆ ರಜದಲ್ಲಿ ಹೊನ್ನಾವರಕ್ಕೆ ಹೋಗುವಾಗ ಅದು ಬೇಕೆಂದಿದ್ದಾಳೆ.